ಆರಕ್ಕೇರಿ ಒಂದಕ್ಕಿಳಿಯುವ ಸಂಖ್ಯೆ

12345654321. ಹನ್ನೊಂದು ಅಂಕಗಳ ಈ ಸಂಖ್ಯೆಯನ್ನು ಇಂದಿನ ರೂಢಿಯಂತೆ ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಎಂಬ ಮಾತು ನಮ್ಮಲ್ಲುಂಟು. ಈ ಸಂಖ್ಯೆಯಾದರೋ ಒಂದರಿಂದ ಹೊರಟು ಆರಕ್ಕೇರುತ್ತದೆ. ಮೂರರಲ್ಲಿ ನಿಲ್ಲದೆ ಮತ್ತೆ ಒಂದಕ್ಕೇ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಮಕ್ಕಳು ಆಟಕ್ಕೆಂದು ಹೇಳುವ ‘ವಿಕಟಕವಿ’, ‘ಕುಬೇರನಿಗೇನಿರಬೇಕು’ ಎಂಬ ಮಾತುಗಳ ಹಾಗೆ ಇದೂ ಒಂದು ಗತಪ್ರತ್ಯಾಗತ.

ಇಂಥ ಸಂಖ್ಯೆಗಳು ಇತ್ತೀಚೆಗೆ ವಿದ್ಯಾರ್ಥಿಗಳ ಕೈಗೆ ಬಹಳವಾಗಿ ಬರುತ್ತಿವೆ. ಫೋನಿನಿಂದ ಫೋನಿಗೆ ಅವು ದಾಟುತ್ತವೆ. ಜೊತೆಗೆ ‘ಅದ್ಭುತ’, ‘ಪ್ರಾಚೀನರ ರಹಸ್ಯ’ ಎಂಬ ತಲೆಬರಹಗಳೂ ಇರುತ್ತವೆ. ನೋಡಿದವರು ಒಂದು ಕ್ಷಣ ಬೆರಗಾಗುತ್ತಾರೆ, ಇನ್ನೊಬ್ಬರಿಗೆ ಕಳುಹಿಸುತ್ತಾರೆ, ಮರೆಯುತ್ತಾರೆ. ಬೆರಗು ಕೆಟ್ಟದ್ದಲ್ಲ, ವಿಜ್ಞಾನದ ಮೊದಲ ಮೆಟ್ಟಿಲು ಅದೇ. ಆದರೆ ಮೊದಲ ಮೆಟ್ಟಿಲಿನಲ್ಲೇ ಕುಳಿತವನು ಮನೆಯೊಳಗೆ ಬಂದಂತಾಗಲಿಲ್ಲ. ‘ಹೀಗಿದೆ’ ಎಂದು ತಿಳಿದ ಮೇಲೆ ‘ಏಕೆ ಹೀಗಿದೆ’ ಎಂದು ಕೇಳದೆ ಬಿಡುವ ಅಭ್ಯಾಸವು ಗಣಿತಕ್ಕೂ ವಿದ್ಯಾರ್ಥಿಯ ಬುದ್ಧಿಗೂ ನಷ್ಟವನ್ನುಂಟುಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಒಂದು ಸಂಖ್ಯೆಯನ್ನೇ ಹಿಡಿದುಕೊಂಡು ಆ ಅಭಿಪ್ರಾಯವನ್ನು ಸಮರ್ಥಿಸಲು ಯತ್ನಿಸುತ್ತೇನೆ.

ಈ ಸಂಖ್ಯೆಯು ಕನ್ನಡ ನಾಡಿಗೆ ಹೊಸತಲ್ಲ. ಸುಮಾರು ಕ್ರಿ. ಶ. 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವೂ ಅದೇ ಅರಸನ ಕಾಲದ್ದು. ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯಗಳಿವೆ. ಏಕದಿಂದ ಆರಂಭಿಸಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅದರಲ್ಲಿ ಹೆಸರುಗಳಿವೆ. ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ ಒಂದು ನಿಂತಿರುವುದು ಆ ಅರ್ಬುದದ ಸ್ಥಾನದಲ್ಲಿ.

ಮಹಾವೀರನು ಗುಣಾಕಾರಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಕೆಲವು ವಿಶೇಷವಾಗಿವೆ. ಅವುಗಳ ಗುಣಲಬ್ಧವು ಎರಡೂ ಕಡೆಯಿಂದ ಒಂದೇ ತೆರನಾಗಿ ಕಾಣುವುದರಿಂದ ಅವನು ಅವನ್ನು ಕೊರಳಿನ ಹಾರಕ್ಕೆ, ಕಂಠಾಭರಣಕ್ಕೆ ಹೋಲಿಸಿದ್ದಾನೆ. ಅವುಗಳಲ್ಲಿ ಕೆಲವು ಹೀಗಿವೆ:

139 × 109 = 15151
152207 × 73 = 11111111
12345679 × 9 = 111111111
142857143 × 7 = 1000000001
333333666667 × 33 = 11000011000011
27994681 × 441 = 12345654321

ಕೊನೆಯದೇ ನಮ್ಮ ಸಂಖ್ಯೆ. 27994681 ಎಂಬ, ನೋಡಿದರೆ ಯಾವ ಚೆಲುವೂ ಇಲ್ಲದ ಸಂಖ್ಯೆಯನ್ನು 441ರಿಂದ ಗುಣಿಸಿದಾಗ ಇಷ್ಟು ಕ್ರಮಬದ್ಧವಾದ ಹಾರವು ಹೇಗೆ ಬಂದಿತು? ಗ್ರಂಥಕರ್ತನು ಕಣ್ಣುಮುಚ್ಚಿ ಸಂಖ್ಯೆಗಳನ್ನು ಗುಣಿಸುತ್ತಾ ಹೋಗಿ ಇದನ್ನು ಕಂಡಿರಲಾರನು. ಹಾರವು ಮೊದಲು ಅವನ ಮನಸ್ಸಿನಲ್ಲಿದ್ದಿರಬೇಕು. ಅದನ್ನು ಬಿಡಿಸಿ ಎರಡು ತುಂಡು ಮಾಡಿ ಶಿಷ್ಯರ ಮುಂದಿಟ್ಟಿರಬೇಕು. ಶಿಷ್ಯನು ಜೋಡಿಸುತ್ತಾನೆ, ಹಾರ ಸಿದ್ಧವಾಗುತ್ತದೆ. ಜೊತೆಗೆ ಲೆಕ್ಕದ ತಾಳೆಯೂ ಆಗುತ್ತದೆ. ಎಲ್ಲಿಯಾದರೂ ತಪ್ಪಿದರೆ ಹಾರವು ಸೊಟ್ಟಗಾಗಿ ಕೂಡಲೆ ತಿಳಿದುಬರುತ್ತದೆ. ಒಳ್ಳೆಯ ಅಧ್ಯಾಪಕನ ಉಪಾಯವಿದು.

ನಾವು ಈಗ ಹಾರವನ್ನು ಬಿಡಿಸುವ ಕೆಲಸಕ್ಕೆ ತೊಡಗೋಣ. ಆರು ಒಂದುಗಳಿಂದಾದ 111111 ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿರಿ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಬರೆದರೆ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲಿನಲ್ಲಿಯೂ ಆರು ಒಂದುಗಳು. ಪ್ರತಿಯೊಂದು ಸಾಲೂ ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡಿಸುವಾಗ ಬಲತುದಿಯ ಕಂಬದಲ್ಲಿ ಒಂದೇ ಒಂದು ಸಿಗುತ್ತದೆ. ಅದರ ಎಡಕ್ಕೆ ಎರಡು, ಮತ್ತೆ ಮೂರು. ಹೀಗೆ ನಡುವಣ ಕಂಬದಲ್ಲಿ ಆರು. ಅಲ್ಲಿಂದ ಮುಂದೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ಉತ್ತರ 12345654321. ಏರುವುದೂ ಇಳಿಯುವುದೂ ಸಾಲುಗಳು ಒಂದರ ಮೇಲೊಂದು ಸರಿದು ನಿಂತುದರ ಫಲ, ಅಷ್ಟೆ.

ಕಾರಣ ತಿಳಿದ ಕೂಡಲೆ ಹೊಸ ಪ್ರಶ್ನೆಯೂ ಹುಟ್ಟುತ್ತದೆ. ಈ ಆಟ ಎಲ್ಲಿಯವರೆಗೆ ನಡೆದೀತು? ಒಂಬತ್ತು ಒಂದುಗಳ ವರ್ಗ 12345678987654321; ಅಲ್ಲಿಯವರೆಗೆ ಹಾರ ಕೆಡುವುದಿಲ್ಲ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಣ ಕಂಬದಲ್ಲಿ ಹತ್ತು ಬರುತ್ತದೆ. ಅದನ್ನು ಒಂದೇ ಅಂಕದಲ್ಲಿ ಬರೆಯಲಾಗದು. ಸೊನ್ನೆ ಬರೆದು ಒಂದನ್ನು ಎಡಕ್ಕೆ ಒಯ್ಯಬೇಕು. ಉತ್ತರ 1234567900987654321. ಹಾರವು ನಡುವಿನಲ್ಲಿ ಕಡಿಯಿತು. ಬರಿಯ ಬೆರಗನ್ನು ನಂಬಿದವನು ಹತ್ತನೆಯದೂ ಹಾಗೆಯೇ ಇದ್ದೀತೆಂದು ಹೇಳಿ ತಪ್ಪುತ್ತಾನೆ. ಕಾರಣ ಬಲ್ಲವನು ಲೆಕ್ಕ ಮಾಡುವುದಕ್ಕೆ ಮೊದಲೇ ಅದು ಕಡಿಯುವ ಸ್ಥಳವನ್ನು ತೋರಿಸುತ್ತಾನೆ.

ಮೇಲಿನ ಪಟ್ಟಿಯ 12345679 × 9 ಎಂಬುದನ್ನೂ ನೋಡಿರಿ. ಅದರಲ್ಲಿ ಎಂಟು ಏಕಿಲ್ಲ ಎಂದು ಕೇಳಿದರೆ ‘ಅದೇ ರಹಸ್ಯ’ ಎಂದು ಹೇಳುವವರುಂಟು. ರಹಸ್ಯವೇನೂ ಇಲ್ಲ. ಒಂಬತ್ತು ಒಂದುಗಳನ್ನು 9ರಿಂದ ಭಾಗಿಸುತ್ತ ಹೋಗಿರಿ. 11ರಲ್ಲಿ 9 ಒಂದು ಸಲ, ಶೇಷ 2. ಮುಂದಿನ ಒಂದನ್ನು ಇಳಿಸಿದರೆ 21, ಅದರಲ್ಲಿ ಎರಡು ಸಲ, ಶೇಷ 3. 31ರಲ್ಲಿ ಮೂರು ಸಲ, ಶೇಷ 4. ಹೀಗೆಯೇ ಸಾಗಿ 71ರಲ್ಲಿ ಏಳು ಸಲ, ಶೇಷ 8. ಕೊನೆಯ ಒಂದನ್ನು ಇಳಿಸಿದಾಗ 81; ಅದರಲ್ಲಿ ಎಂಟು ಸಲವಲ್ಲ, ಸರಿಯಾಗಿ ಒಂಬತ್ತು ಸಲ, ಶೇಷವಿಲ್ಲ. ಎಂಟು ಬಿಟ್ಟುಹೋದುದು ಭಾಗಾಕಾರವು ನಿಶ್ಶೇಷವಾಗಿ ಮುಗಿದುದರಿಂದ. ಐದನೆಯ ತರಗತಿಯ ಹುಡುಗಿಯೂ ತಿಳಿಯಬಹುದಾದ ಕಾರಣವನ್ನು ರಹಸ್ಯವೆಂದು ಕರೆದು ಮುಚ್ಚಿಡುವುದು ನ್ಯಾಯವೆ?

ಇನ್ನು, ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಬಹು ಮುಖ್ಯವೆಂದು ತೋರುವ ವಿಚಾರಕ್ಕೆ ಬರುತ್ತೇನೆ. ನಮ್ಮ ಕಲ್ಲುಗುಂಡಿಯಲ್ಲಿ ಪಯಸ್ವಿನಿ ಹರಿಯುತ್ತದೆ. ಅದರ ಆಳವನ್ನು ಅಡಿಯಲ್ಲಿ ಅಳೆದರೆ ಒಂದು ಸಂಖ್ಯೆ, ಮೀಟರಿನಲ್ಲಿ ಅಳೆದರೆ ಇನ್ನೊಂದು. ಅಳತೆಗೋಲು ಬದಲಾಯಿತೆಂದು ಹೊಳೆಯ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾವುದು ವಸ್ತುವಿನ ಗುಣ, ಯಾವುದು ನಮ್ಮ ಅಳತೆಯ ಗುಣ ಎಂದು ವಿವೇಚಿಸುವುದೇ ಭೌತಶಾಸ್ತ್ರದ ಮೊದಲ ಪಾಠ. ಸಂಖ್ಯೆಗಳ ವಿಷಯದಲ್ಲಿಯೂ ಈ ವಿವೇಚನೆ ಬೇಕು. ನಾವು ಹತ್ತರ ಗುಂಪುಗಳಲ್ಲಿ ಎಣಿಸುತ್ತೇವೆ. ಅದು ದಶಮಾನ ಪದ್ಧತಿ. ಎಂಟರ ಗುಂಪುಗಳಲ್ಲಿ ಎಣಿಸಿದರೆ ಅಷ್ಟಮಾನ. ದಶಮಾನದ 111ನ್ನು ಅಷ್ಟಮಾನದಲ್ಲಿ ಬರೆದರೆ 157 ಆಗುತ್ತದೆ: ಅರುವತ್ತನಾಲ್ಕು ಒಂದು ಸಲ, ಎಂಟು ಐದು ಸಲ, ಬಿಡಿ ಏಳು. ಮೂರೂ ಅಂಕ ಒಂದೇ ಆಗಿದ್ದ ಚೆಲುವು ಮಾಯವಾಯಿತು. ಹಾಗಾದರೆ ಅದು ಸಂಖ್ಯೆಯ ಚೆಲುವಾಗಿರಲಿಲ್ಲ, ಬರೆವಣಿಗೆಯ ಚೆಲುವಾಗಿತ್ತು.

ಅಂಗಳದಲ್ಲಿ 111 ಅಡಿಕೆಗಳನ್ನು ಹರಡಿದ್ದೇವೆಂದು ಭಾವಿಸಿರಿ. ಅವನ್ನು ಸಾಲಿಗೆ 37ರಂತೆ ಮೂರು ಸಾಲುಗಳಲ್ಲಿ ಸರಿಯಾಗಿ ಜೋಡಿಸಬಹುದು. ಲೆಕ್ಕವನ್ನು ದಶಮಾನದಲ್ಲಿ ಬರೆದರೂ, ಅಷ್ಟಮಾನದಲ್ಲಿ ಬರೆದರೂ, ಬರೆಯದೆಯೇ ಬಿಟ್ಟರೂ ಅಡಿಕೆಗಳು ಆ ಮೂರು ಸಾಲುಗಳಲ್ಲಿ ಕೂರುತ್ತವೆ. ಒಂದು ಸಾಲಿನ 37 ಅಡಿಕೆಗಳನ್ನಾದರೋ ಒಂದಕ್ಕಿಂತ ಹೆಚ್ಚು ಸಮಸಾಲುಗಳಲ್ಲಿ ಜೋಡಿಸುವುದು, ಸಾಲಿಗೆ ಒಂದೊಂದೇ ಅಡಿಕೆಯಿಟ್ಟ ಹೊರತು, ಯಾರಿಂದಲೂ ಆಗದು. 37 ಅವಿಭಾಜ್ಯ ಸಂಖ್ಯೆ. ಇದು ಸಂಖ್ಯೆಯ ಸ್ವಂತ ಗುಣ.

ಈ ಭೇದವನ್ನು ತಿಳಿದವನಿಗೆ ಒಂದು ದೊಡ್ಡ ಲಾಭವುಂಟು. ದೂರವಾಣಿಯ ಸಂಖ್ಯೆ, ವಾಹನದ ಸಂಖ್ಯೆ, ಮನೆಯ ಸಂಖ್ಯೆ ಇವುಗಳ ಅಂಕಗಳನ್ನು ಕೂಡಿಸಿ ಶುಭಾಶುಭ ನಿರ್ಣಯಿಸುವವರು ಇಂದಿಗೂ ಇದ್ದಾರೆ. ಓದಿದವರೂ ಅವರಿಗೆ ಹಣ ತೆರುತ್ತಾರೆ. ದಶಮಾನದಲ್ಲಿ 111ರ ಅಂಕಗಳ ಮೊತ್ತ ಮೂರು. ಅದೇ ಸಂಖ್ಯೆಯನ್ನು ಅಷ್ಟಮಾನದಲ್ಲಿ ಬರೆದಾಗ ಒಂದು, ಐದು, ಏಳು ಕೂಡಿ ಹದಿಮೂರು. ಬರೆಯುವ ಕ್ರಮವನ್ನು ಬದಲಾಯಿಸಿದ ಮಾತ್ರಕ್ಕೆ ಬದಲಾಗುವ ಮೊತ್ತವು ಮನುಷ್ಯನ ಹಣೆಬರಹವನ್ನು ಹೇಗೆ ನಿರ್ಣಯಿಸೀತು? ಅಂಕಗಳ ಮೊತ್ತಕ್ಕೆ ಒಂದು ನಿಜವಾದ ಉಪಯೋಗವಿದೆ: ದಶಮಾನದಲ್ಲಿ ಅದು 9ರಿಂದ ಭಾಗಿಸಿದಾಗ ಬರುವ ಶೇಷವನ್ನು ತಿಳಿಸುತ್ತದೆ. ನಮ್ಮ ಸಂಖ್ಯೆಯ ಅಂಕಗಳ ಮೊತ್ತ 36. ಆದುದರಿಂದ ಅದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆ ಮೊತ್ತವು ಹೇಳಬಲ್ಲುದು ಅಷ್ಟೇ. ಮದುವೆಯ ದಿನವನ್ನು ಅದು ಹೇಳಲಾರದು.

ಹಾಗಾದರೆ ಮಹಾವೀರನ ಹಾರವು ಬರೆವಣಿಗೆಯ ಆಟ ಮಾತ್ರವೆ? ಅವಸರದ ತೀರ್ಮಾನ ಬೇಡ. ಬೀಜಗಣಿತ ಕಲಿತವರು ಈ ಸಮೀಕರಣವನ್ನು ತಾಳೆನೋಡಲಿ:

(1 + ಕ + ಕ² + ಕ³ + ಕ⁴ + ಕ⁵)² = 1 + 2ಕ + 3ಕ² + 4ಕ³ + 5ಕ⁴ + 6ಕ⁵ + 5ಕ⁶ + 4ಕ⁷ + 3ಕ⁸ + 2ಕ⁹ + ಕ¹⁰

ಇಲ್ಲಿ ‘ಕ’ ಯಾವ ಸಂಖ್ಯೆಯಾದರೂ ಆಗಬಹುದು. ಅದನ್ನು ಹತ್ತೆಂದು ಎಣಿಸಿದರೆ ನಮ್ಮ ಸಂಖ್ಯೆ ಬರುತ್ತದೆ. ಎಂಟೆಂದು ಎಣಿಸಿದರೆ ಅಷ್ಟಮಾನದಲ್ಲಿಯೂ 12345654321 ಎಂಬ ಅದೇ ಹಾರ. ಆದರೆ ದಶಮಾನದಲ್ಲಿ ಅದರ ಬೆಲೆ 1402427601, ಅಂದರೆ 37449ರ ವರ್ಗ. ಏಳು ಅಥವಾ ಅದಕ್ಕಿಂತ ಹೆಚ್ಚಿನ ಯಾವ ಗುಂಪಿನಲ್ಲಿ ಎಣಿಸಿದರೂ ಆರು ಒಂದುಗಳ ವರ್ಗವು ಹೀಗೆಯೇ ಕಾಣುತ್ತದೆ. ಹಾರ ಒಂದೇ, ಬೆಲೆ ಬೇರೆ ಬೇರೆ. ಹೊರಗೆ ಕಾಣುವ ಅಂಕಗಳ ಹಿಂದೆ ಬದಲಾಗದ ಒಂದು ಬೀಜಗಣಿತದ ಸತ್ಯವಿದೆ. ‘ಏಕೆ’ ಎಂದು ಕೇಳಿದವರಿಗಷ್ಟೇ ಅದು ದೊರೆಯುತ್ತದೆ.

ಈಗ ಹಾರದ ಮಣಿಗಳನ್ನು ಎಣಿಸೋಣ. 111111 = 3 × 7 × 11 × 13 × 37. ಆದುದರಿಂದ ಅದರ ವರ್ಗದಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುತ್ತವೆ. 3 ಮತ್ತು 7ನ್ನು ಬೇರೆ ತೆಗೆದರೆ 21ರ ವರ್ಗ 441. ಉಳಿದ 11, 13, 37 ಸೇರಿದರೆ 5291, ಅದರ ವರ್ಗ 27994681. ಮಹಾವೀರನ ಎರಡು ತುಂಡುಗಳ ಗುಟ್ಟು ಇದೇ. ಬೇರೆ ರೀತಿಯಲ್ಲಿ ತುಂಡು ಮಾಡಿದರೆ ಇನ್ನೂ ಸುಂದರವಾದ ಫಲಗಳಿವೆ: 12321 × 1002001 ಎಂದರೂ ಅದೇ, 121 × 102030201 ಎಂದರೂ ಅದೇ. ಹಾರವನ್ನು ಹಾರದಿಂದ ಗುಣಿಸಿದರೆ ಹಾರ! ಇದಕ್ಕೆ ಒಟ್ಟು 243 ಭಾಜಕಗಳಿವೆ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಸೊನ್ನೆ ಸಲ, ಒಂದು ಸಲ ಅಥವಾ ಎರಡು ಸಲ ಆರಿಸಬಹುದಾದುದರಿಂದ ಮೂರನ್ನು ಐದು ಸಲ ಗುಣಿಸಿದಷ್ಟು.

ಇಷ್ಟು ಸುಲಭವಾಗಿ ಬಿಚ್ಚಿಕೊಂಡುದು ಈ ಸಂಖ್ಯೆಯ ಸೌಜನ್ಯ. ಎಲ್ಲ ದೊಡ್ಡ ಸಂಖ್ಯೆಗಳೂ ಹಾಗಿರುವುದಿಲ್ಲ. ಏಳು ಒಂದುಗಳ 1111111 ಎಂಬುದು 239 × 4649. ಹತ್ತೊಂಬತ್ತು ಒಂದುಗಳ ಸಂಖ್ಯೆಯೂ ಇಪ್ಪತ್ತಮೂರು ಒಂದುಗಳ ಸಂಖ್ಯೆಯೂ ಅವಿಭಾಜ್ಯಗಳು. ಒಂದುಗಳಿಂದಲೇ ಆದ ಅವಿಭಾಜ್ಯಗಳಿಗೆ ಕೊನೆಯುಂಟೇ ಇಲ್ಲವೇ ಎಂಬುದನ್ನು ಜಗತ್ತಿನ ಯಾವ ಗಣಿತಜ್ಞನೂ ಇನ್ನೂ ಸಿದ್ಧಮಾಡಿಲ್ಲ. ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನು ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಬಿಡಿಸುವ ಕೆಲಸವಾದರೋ ಗಣಕಯಂತ್ರಗಳನ್ನೂ ದಣಿಸುತ್ತದೆ. 250 ಅಂಕಗಳ ಒಂದು ಸಂಖ್ಯೆಯನ್ನು 2020ರ ಫೆಬ್ರವರಿಯಲ್ಲಿ ಅದರ ಎರಡು ಅವಿಭಾಜ್ಯಗಳಾಗಿ ಬಿಡಿಸಿದರು. ಗಣಕದ ಒಂದೇ ಸಂಸ್ಕಾರಕ ಘಟಕವು ಆ ಕೆಲಸವನ್ನೆಲ್ಲ ಮಾಡಬೇಕಾಗಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು. ಈ ಕಷ್ಟವೇ ನಮಗೆ ರಕ್ಷೆಯೂ ಆಗಿದೆ. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಹಿಡಿದ ಗುಪ್ತಲಿಪಿಯು ಇದರ ಮೇಲೆಯೇ ನಿಂತಿದೆ. ಅದರಲ್ಲಿ ಈಗ ಸಾಮಾನ್ಯವಾಗಿ ಬಳಸುವ ಸಂಖ್ಯೆಗಳಿಗೆ 617 ಅಂಕಗಳಿರುತ್ತವೆ. ಬ್ಯಾಂಕಿನ ವ್ಯವಹಾರವನ್ನು ಅಂತರಜಾಲದಲ್ಲಿ ಗುಟ್ಟಾಗಿ ನಡೆಸಲು ಇದು ನೆರವಾಗಿದೆ.

ತರಗತಿಯಲ್ಲಿ ಇಂಥ ವಿಚಾರ ತೆಗೆದಾಗ ‘ಸರ್, ಇದು ಪರೀಕ್ಷೆಗೆ ಬರುತ್ತದೆಯೆ?’ ಎಂಬ ಪ್ರಶ್ನೆ ಬರುವುದುಂಟು. ಕೇಳಿದವರ ಮೇಲೆ ನನಗೆ ಕೋಪವಿಲ್ಲ. ಹಾಗೆ ಕೇಳುವಂತೆ ಅವರನ್ನು ಬೆಳೆಸಿದವರು ನಾವೇ. ಪಾಠಪಟ್ಟಿ ಮುಗಿಸಲು ಹೊತ್ತು ಸಾಲದೆಂಬ ಅಧ್ಯಾಪಕರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಒಂದು ಸಂಖ್ಯೆಗೆ ಒಂದು ಪಾಠದ ಅವಧಿ ಸಾಕು. ಆ ಒಂದು ಗಂಟೆಯಲ್ಲಿ ವರ್ಗ, ಅಪವರ್ತನ, ಭಾಜಕಗಳ ಎಣಿಕೆ, ಸ್ಥಾನಬೆಲೆ, ಬೀಜಗಣಿತದ ಗುಣಾಕಾರ ಇಷ್ಟೂ ವಿಷಯಗಳು ಒಂದೇ ಎಳೆಯಲ್ಲಿ ಬಂದುಹೋಗುತ್ತವೆ. ಬಿಡಿಬಿಡಿಯಾಗಿ ಕಲಿಸಿದಾಗ ಮರೆತುಹೋಗುವ ಇವೇ ಪಾಠಗಳು ಹೀಗೆ ಕಲಿತಾಗ ನೆನಪಿನಲ್ಲಿ ಉಳಿಯುತ್ತವೆ. ಪರೀಕ್ಷೆಗೂ ಅದರಿಂದ ನಷ್ಟವಿಲ್ಲ.

‘ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು’ ಎನ್ನುವವರಿಗೂ ಒಂದು ಮಾತು. ಸುಮಾರು ಹನ್ನೊಂದೂ ಮುಕ್ಕಾಲು ಶತಮಾನಗಳ ಹಿಂದೆ ನಮ್ಮ ನಾಡಿನಲ್ಲಿ ಇಂಥ ಗ್ರಂಥ ಹುಟ್ಟಿತೆಂಬುದು ನಿಜವಾಗಿಯೂ ಹೆಮ್ಮೆಯ ವಿಷಯ. ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಅದು ಹೊಂಬುಜದಿಂದ ಪ್ರಕಟವಾಯಿತು. ಪುಸ್ತಕ ಇದೆ, ಕನ್ನಡವೂ ಇದೆ. ಅದರೊಳಗಿನ ಒಂದು ಲೆಕ್ಕವನ್ನಾದರೂ ಮಾಡಿ ನೋಡದೆ ಅದರ ಹೆಸರು ಹೇಳಿ ಬೀಗುವುದು ಗೌರವವಲ್ಲ. ಗ್ರಂಥಕರ್ತನು ಶಿಷ್ಯನ ಮುಂದೆ ಇಟ್ಟುದು ಲೆಕ್ಕವನ್ನು. ಅದನ್ನು ಮಾಡಿದವನೇ ಅವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದವನು.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಮುಂದೆ ಯಾವುದಾದರೂ ‘ಅದ್ಭುತ ಸಂಖ್ಯೆ’ ನಿಮ್ಮ ಕೈಗೆ ಬಂದಾಗ ಅದನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಕಾಗದ ತೆಗೆದುಕೊಂಡು ಮೂರು ಪ್ರಶ್ನೆಗಳನ್ನು ಕೇಳಿರಿ. ಇದು ಏಕೆ ಹೀಗಾಗುತ್ತದೆ? ಎಲ್ಲಿಯವರೆಗೆ ಹೀಗಿರುತ್ತದೆ? ಬರೆಯುವ ಪದ್ಧತಿ ಬದಲಾದರೆ ಇದರಲ್ಲಿ ಉಳಿಯುವುದೇನು? ಅಭ್ಯಾಸಕ್ಕಾಗಿ ಮೇಲಿನ ಪಟ್ಟಿಯಿಂದ 142857143 × 7 ಎಂಬುದನ್ನು ಆರಿಸಿಕೊಳ್ಳಿರಿ. 1001 ಎಂಬುದು 7ರಿಂದ ಭಾಗವಾಗುತ್ತದೆಂಬುದನ್ನು ಈಗಾಗಲೇ ಬಲ್ಲಿರಿ. 1000000001 ಕೂಡ 7ರಿಂದ ಏಕೆ ಭಾಗವಾಗಬೇಕು, ನಡುವಣ 1000001 ಏಕೆ ಆಗದು ಎಂಬುದನ್ನು ನೀವೇ ಕಂಡುಕೊಳ್ಳಿರಿ.